ಕೆಂಪು ನೂಲಿನ ಗುಂಡಿ

ಕೋಟಗಿರಿ ಬಸ್ ನಿಲ್ದಾಣದ ಎದುರು ಹದಿನಾಲ್ಕು ವರ್ಷ ವೀಡಿಯೊ ಅಂಗಡಿ ನಡೆಸಿದವನು ನಾನು. ಕೋಪ ಮೂಗಿನ ತುದಿಯಲ್ಲೇ. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಬಂದವರನ್ನು ಬಾಗಿಲಲ್ಲೇ ಗದರಿಸಿ ಕಳಿಸುತ್ತಿದ್ದೆ. ಆದರೆ 2007ರಲ್ಲಿ ಕಟ್ಟಬೆಟ್ಟು ಊರಿನ ಅಜ್ಜಿ ಕಾಳಮ್ಮ ನನ್ನ ಬಾಯಿ ಮುಚ್ಚಿಸಿಬಿಟ್ಟಳು.

ಜಯರಾಮನ್ ಅನ್ನುವವನು ನಮ್ಮ ಬಡಗ ಮಾತಿನಲ್ಲಿ ಒಂದು ಸಿನಿಮಾ ತೆಗೆದಿದ್ದ. ಅದರಲ್ಲಿ ಚಹಾ ಎಲೆ ತೂಗುವ ಕಡೆ ಕಾಳಮ್ಮನ ಗಂಡ, ಹಾಲ ಅಂತ ಅವನ ಹೆಸರು, ಎಲೆಯ ಮೂಟೆ ಹೊತ್ತು ಕ್ಯಾಮೆರಾದ ಹತ್ತಿರವೇ ಬಂದು, ತಿರುಗಿ ನಗುತ್ತಾನೆ. ಹನ್ನೆರಡು ಸೆಕೆಂಡು, ಅಷ್ಟೇ. ಮರುವರ್ಷ ಹಾಲ ತೀರಿಕೊಂಡ. ಬದುಕಿದ್ದಾಗ ಒಂದು ಫೋಟೊಗೂ ನಿಂತವನಲ್ಲ ಪುಣ್ಯಾತ್ಮ. ಅಜ್ಜಿಗೆ, ನಮ್ಮ ಮಾತಿನಲ್ಲಿ ಹೆತ್ತೆಗೆ, ಉಳಿದ ಮುಖ ಅದೊಂದೇ. ಜಯರಾಮನ್ ತನ್ನಲ್ಲಿದ್ದ ಒಂದೇ ಡಿಸ್ಕನ್ನು ಅಜ್ಜಿಗೊಂದು ಕಾಪಿ ಮಾಡಲು ನನಗೆ ಕೊಟ್ಟ. ಮರುದಿನ ಸಂಜೆ ಅದು ಅವನ ಜೊತೆ ಚೆನ್ನೈಗೆ ಹೋಗಬೇಕಿತ್ತು.

ಅದು ಎರಡು ಪದರದ ಡಿಸ್ಕ್, ಸಾಮಾನ್ಯ ಡಿವಿಡಿಯ ಸುಮಾರು ಎರಡರಷ್ಟು ಹಿಡಿಯುವಂಥದ್ದು. ನಾನು ಎಲ್ಲವನ್ನೂ ಹಿಂಡಿ ಒಂದು ಸಾಮಾನ್ಯ ಡಿವಿಡಿಗೆ ತುರುಕಿದೆ. ಅಜ್ಜಿ ಅಂಗಡಿಯ ಟಿವಿಯಲ್ಲಿ ನೋಡಿದಳು.

“ಇದು ಅವ ಅಲ್ಲ, ಮಗಾ. ಅಂಗಿ ಗುಂಡಿಯ ನೂಲು ಎಲ್ಲಿ?”

“ನಿನ್ನ ಕಣ್ಣು ಮಂಜಾಗಿದೆ ಹೆತ್ತೆ! ಆಸ್ಪತ್ರೆಗೆ ಹೋಗಿ ತೋರಿಸು!”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕಥೆ. ಅಜ್ಜಿ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಹಾಕಿ ನೋಡಿದೆ. ಥೂ, ಹಾಲನ ಮುಖವೆಲ್ಲ ಚೌಕಚೌಕವಾಗಿ ಕಲಸಿಹೋಗಿತ್ತು.

ಹಿಂದಿನ ಬೀದಿಯಲ್ಲಿ ಸುಗನ್ಯಾ ಅನ್ನುವ ಹುಡುಗಿ ಕಂಪ್ಯೂಟರ್ ಅಂಗಡಿ ಹಾಕಿದ್ದಳು. ಹೊಟ್ಟೆಕಿಚ್ಚಿಗೆ ನಾನು ಅವಳನ್ನು ಒಂದು ದಿನವೂ ಮಾತಾಡಿಸಿರಲಿಲ್ಲ. ಮರುದಿನ ಬೆಳಿಗ್ಗೆ ನಾಚಿಕೆ ಬಿಟ್ಟು, ಡಿಸ್ಕು ಹಿಡಿದು ಅವಳ ಬಾಗಿಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

“ಎರಡು ಮೂಟೆ ಎಲೆ ಒಂದರಲ್ಲಿ ತುಳಿದು ತುಂಬಿದರೆ ಕಂದದೆ ಇರುತ್ತಾ, ಅಣ್ಣಾ?” ಎಂದು ನಕ್ಕಳು.

ಕೊಯಮತ್ತೂರಿನಿಂದ ತಂದ ಎರಡು ಪದರದ ಖಾಲಿ ಡಿಸ್ಕು ಅವಳ ಬಳಿ ಎರಡೇ ಇದ್ದವು. ಅತಿ ನಿಧಾನದ ವೇಗಕ್ಕಿಟ್ಟು, ಯಂತ್ರ ಅಲುಗೀತೆಂದು ನಾನು ಮೇಜಿಗೆ ಒರಗಲೂ ಬಿಡದೆ ಒಂದನ್ನು ಬರೆದಳು. ಹಾಕಿ ನೋಡಿದರೆ ಚಿತ್ರ ಕನ್ನಡಿಯ ಹಾಗಿತ್ತು. ಆದರೆ ಪ್ಲೇಯರು ಮೊದಲ ಪದರದಿಂದ ಎರಡನೆಯದಕ್ಕೆ ಹೋಗುವಾಗ ಚಿತ್ರ ರೆಪ್ಪೆ ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತದೆ. ಅದು ನಿಂತದ್ದು ಸರಿಯಾಗಿ ಹಾಲ ತಿರುಗುವ ಕಡೆ.

“ಬಿಡಮ್ಮಾ, ಯಾರಿಗೆ ಗೊತ್ತಾಗುತ್ತೆ?”

“ಹೆತ್ತೆಗೆ ಗೊತ್ತಾಗುತ್ತೆ.”

ಆ ಡಿಸ್ಕನ್ನು ಪಕ್ಕಕ್ಕೆ ಎಸೆದಳು. ಸಿನಿಮಾದ ನಡುಭಾಗವನ್ನೆಲ್ಲ ಜಾಲಾಡಿ, ಬೆಟ್ಟಕ್ಕೆ ಮಂಜು ಮುಚ್ಚುವ, ಯಾರೂ ಮಾತಾಡದ ಒಂದು ಜಾಗ ಹುಡುಕಿದಳು. “ನಿಲ್ಲುವುದಾದರೆ ಇಲ್ಲಿ ನಿಲ್ಲಲಿ,” ಎಂದು, ಪದರ ಅಲ್ಲೇ ಬದಲಾಗುವಂತೆ ಇಟ್ಟು ಕೊನೆಯ ಡಿಸ್ಕು ಹಾಕಿದಳು. ಮತ್ತೆ ಅದೇ ನಿಧಾನದಲ್ಲಿ ಬರೆದಳು. ಭಲೇ ಹುಡುಗಿ! ನಾನಾಗಿದ್ದರೆ ಆ ಯಂತ್ರವನ್ನು ಎಂದೋ ಒದ್ದಿರುತ್ತಿದ್ದೆ.

ಮಧ್ಯಾಹ್ನ ನಾನೇ ಹೋಗಿ ಅಜ್ಜಿಯನ್ನು ಸುಗನ್ಯಾಳ ಅಂಗಡಿಗೇ ಕರೆತಂದೆ. ಮಂಜಿನಲ್ಲಿ ಚಿತ್ರ ನಿಂತದ್ದು ನನಗೇ ಗೊತ್ತಾಗಲಿಲ್ಲ. ಆಮೇಲೆ ಹಾಲ ಬಂದ. ತಿರುಗಿ, ಎದೆಯ ಮೇಲೆ ಕೈ ಇಟ್ಟುಕೊಂಡ, ಕೈ ತೆಗೆದು ನಕ್ಕ. ನನ್ನ ಕಾಪಿಯಲ್ಲಿ ಅದನ್ನು ನೋಡಿ ಮುದುಕನಿಗೆ ಏದುಸಿರು ಅಂದುಕೊಂಡಿದ್ದೆ. ಈಗ ಕಂಡಿತು: ಬಿಳಿ ಅಂಗಿಯ ಗುಂಡಿಗೆ ಕೆಂಪು ನೂಲು.

ಕಾಳಮ್ಮ ಎದ್ದು ಹೋಗಿ ಪರದೆಯಲ್ಲಿ ಆ ಗುಂಡಿಯ ಮೇಲೆ ಬೆರಳಿಟ್ಟಳು. “ಬಿಳಿ ನೂಲು ಮುಗಿದಿತ್ತು. ಕೆಂಪಲ್ಲಿ ಹೊಲಿದೆ. ಊರು ನಗುತ್ತೆ ಅಂತ ಬೈದ. ನೋಡು, ಮುಚ್ಚುತ್ತಾನೆ! ಆಮೇಲೆ ನಗಲಿ ಬಿಡು ಅಂತ ಕೈ ತೆಗೆಯುತ್ತಾನೆ!” ನಗುತ್ತ ನಗುತ್ತಲೇ ಅತ್ತುಬಿಟ್ಟಳು.

ಸುಗನ್ಯಾ ತಲೆ ಬಾಗಿಸಿದಳು. ಅಜ್ಜಿ ಕೈಯಿಟ್ಟು ಹರಸಿದಳು. ನಾನೂ ಹಿಂದೆ ನಿಂತು ಬಾಗಿದೆ.

ನನ್ನ ತಲೆಯ ಮೇಲೂ ಕೈ ಬಂತು.

“ನಿನ್ನ ಕಣ್ಣೂ ಒಳ್ಳಂಗೆ ಇರಲಿ, ಮಗಾ.”