ಹೆಬ್ಬೆರಳಿನ ಕೆಳಗಿನ ಸಾಲು

ಅನಸವ್ವ ನೂಲು ಸುತ್ತಿದ ಕಂಡಕಿಯ ಬುಟ್ಟಿಯನ್ನು ಮಗ್ಗದ ಪಕ್ಕ ಇಟ್ಟಳು, ಇಡುವಾಗ ಬುಟ್ಟಿಯ ಅಂಚಿನ ಮೇಲೆ ಅವಳ ಹೆಬ್ಬೆರಳು ಒಂದು ಗಳಿಗೆ ನಿಂತಿತು, ಉಗುರಿನ ಸಂದಿಯಲ್ಲಿ ಅರಿಷಿಣ, ಬೆಳಗ್ಗೆ ಬ್ಯಾಳಿಗೆ ಹಾಕಿದ್ದಿರಬೇಕು, ಅಷ್ಟೇ, ಅಡಿಗೆ ಮಾಡುವ ಯಾವ ಹೆಣ್ಣುಮಗಳ ಉಗುರು ತಾನೇ ಹಾಗಿರುವುದಿಲ್ಲ, ಅವ್ವನದೂ ಹಾಗೇ — ಆದರೆ ಪ್ರೇಮಕುಮಾರನ ಕಣ್ಣು ಅಲ್ಲಿಂದ ಕಿತ್ತು ಬರಲಿಲ್ಲ, ಎಂಟು ದಿನದಿಂದ ಬನಹಟ್ಟಿಯ ತುಂಬ ಅವನಿಗೆ ಹೆಬ್ಬೆರಳುಗಳೇ ಕಾಣುತ್ತಿವೆ, ಬದನೆಕಾಯಿ ಒತ್ತಿ ನೋಡುವ ಹೆಬ್ಬೆರಳು, ಬಸ್ಸಿನ ಕಂಬಿ ಹಿಡಿದ ಹೆಬ್ಬೆರಳು, ಏ ಪ್ರೇಮ್ಯಾ, ಏನ್ ನೋಡಾಕತ್ತೀ, ನನ್ನ ಕೈಯಾಗೇನ್ ಬಂಗಾರ ಐತೇನ್ ಲೇ, ಏನಿಲ್ಲ ಚಿಗವ್ವ, ಏನಿಲ್ಲಂದ್ರ ಲಾಳಿಗೆ ಕಂಡಕಿ ಹಾಕು, ಮಗ್ಗ ನಿಂತೈತಿ ನೀನೂ ನಿಂತೀ, ಇಬ್ಬರಿಗೂ ಎಣ್ಣಿ ಬಿಡಬೇಕೇನು? ಅವಳು ನಕ್ಕಳು, ಅವನು ನಗಲಿಲ್ಲ. ಕಂಡಕಿ ಹಾಕಿದ, ಮಗ್ಗ ಕಟಕಟ ಎಂದು ಎದ್ದಿತು, ಲಾಳಿ ಆಚೆ ಹೋಯಿತು ಈಚೆ ಬಂತು, ಹೋಯಿತು ಬಂತು, ಲಾಳಿ ಎಂಬುದೇ ಅವನು ಫೋನಿನ ಲೆಕ್ಕದ ಗುಂಪಿನಲ್ಲಿ ಇಟ್ಟುಕೊಂಡ ಹೆಸರು, ಹತ್ತನೆಯ ಕ್ಲಾಸಿನ ಮುಖ ನೋಡದವನು ಹೆಸರು ಹಾಕಿ ಬರೆದರೆ ಯಾರು ಓದುತ್ತಾರೆ, ಒಂಬತ್ತರಲ್ಲಿ ಪಾಟಿಚೀಲ ಬೆಂಚಿನ ಮೇಲೇ ಬಿಟ್ಟು ಎದ್ದು ಬಂದವನು, ಗಣಿತ ಮಾತ್ರ ಬೆನ್ನು ಬಿಡದೆ ಮಗ್ಗದತನಕ ಬಂತು — ಕಿಸೆಯಲ್ಲಿ ಫೋನು ನಡುಗಿತು, ನೋಡಬೇಕಾಗಿಯೇ ಇಲ್ಲ, ಅವನಿಗೆ ಗೊತ್ತು, ಸಿದ್ದಾರೂಢ ಸರ್.

ಜಮಖಂಡಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಸಿದ್ದಾರೂಢ ಸರ್ ಕಟ್ಟಿದ ಗುಂಪು ಅದು, ಲೆಕ್ಕದ ಕಟ್ಟೆ, ಯಾರು ಬೇಕಾದರೂ ತಮ್ಮ ವಹಿಯಲ್ಲಿ ಒಂದು ಪ್ರಮೇಯದ ಸಾಧನೆ ಬರೆದು ಫೋಟೋ ತೆಗೆದು ಹಾಕಬಹುದು, ಉಳಿದವರು ಸಾಲುಸಾಲು ತಪಾಸಣೆ ಮಾಡಬೇಕು, ತಪ್ಪು ಕಂಡರೆ ಕೆಂಪು ಗುರುತು, ಮೂರು ಕೆಂಪು ಬಿದ್ದರೆ ಆ ಬರಹಕ್ಕೆ ಬಾಗಿಲು ಬಂದ್. ಮೊದಲು ಕೇಳು, ಆಮೇಲೆ ಕೆಂಪು, ಇದೊಂದೇ ಕಟ್ಟೆಯ ಕಾನೂನು, ಗುಂಪಿನ ನೆತ್ತಿಯ ಮೇಲೇ ಬರೆದಿಟ್ಟದ್ದು, ಅವನು ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತಾನೆ. ಈಗ ಸರ್ ಬರೆದಿದ್ದಾರೆ, ಲಾಳಿಯವರ, ಇವತ್ತ ಸಂಜಿ ಎಲ್ಲಾರ ಮುಂದ ಹೇಳಾವ ಅದೇನಿ, ಇನ್ನ ಮ್ಯಾಲೆ ಕಟ್ಟೆಗೆ ನೀವs ಮುಖ್ಯ ತಪಾಸಿಗರು, ಆ ತಾಟಿನ ಲೆಕ್ಕದಾಗ ಏಳನೇ ಸಾಲು ಹಿಡದ್ರಲ್ಲ, ಅಂಥಾ ಕಣ್ಣು ಬೇಕ್ರಿ ನಮಗ, ಆಗ್ಲಿ ಅಂತ ಒಂದು ಮಾತು ಬರೀರಿ. ಆಗಲಿ, ಮೂರೇ ಅಕ್ಷರ, ಎಂಟು ದಿನದ ಹಿಂದಾಗಿದ್ದರೆ ಕುಣಿದು ಬರೆಯುತ್ತಿದ್ದ, ಬರೆದು ಆ ಒಂಬತ್ತನೆಯ ಕ್ಲಾಸಿನ ಬಾಗಿಲಿಗೇ ಅಂಟಿಸಿ ಬರುತ್ತಿದ್ದ, ನೋಡ್ರಿ, ನೇಕಾರರ ಹುಡುಗ, ಡಿಗ್ರಿ ಹೋಲ್ಡರ್‌ಗಳ ತಪ್ಪು ಹಿಡಿಯುತ್ತಾನೆ. ಡಿಗ್ರಿ — ಆ ತಾಟಿನ ಲೆಕ್ಕದ ಕೆಳಗೆ ಎಸ್. ಅನಗವಾಡಿ ಅಂತ ಹೆಸರು ಕಂಡಾಗ ಬೀಳಗಿ ಕಡೆಯ ಯಾರೋ ಲೆಕ್ಚರರ್ ಇರಬೇಕೆಂದುಕೊಂಡಿದ್ದ, ಹನ್ನೆರಡು ಪುಟ, ದುಂಡಗಿನ ಅಕ್ಷರ, ಊಟದ ತಾಟುಗಳನ್ನು ಒಂದು ದೊಡ್ಡ ಚೌಕವಾಗಿ ಇಡು, ಅದರೊಳಗಿಂದ ಒಂದು ಸಣ್ಣ ಚೌಕದಷ್ಟು ತಾಟು ತೆಗೆ, ಉಳಿಯುವ ತಾಟು ಎಷ್ಟಿರಬಹುದು, ಎಷ್ಟಿರಲಾರವು, ಎಷ್ಟು ರೀತಿಯಲ್ಲಿ ಹಾಗೆ ಉಳಿದಾವು. ಎರಡನೆಯ ಪುಟದ ಏಳನೆಯ ಸಾಲಿನಲ್ಲಿ, ಉಳಿದ ತಾಟುಗಳನ್ನು ಎರಡು ಚೌಕಗಳ ಬಾಜುವಿನ ವ್ಯತ್ಯಾಸದಿಂದ ಭಾಗಿಸಲಾಗಿತ್ತು, ಅವನು ಹಾರಿ ಬಿದ್ದ, ಎರಡೂ ಚೌಕ ಒಂದೇ ಅಳತಿ ಇದ್ರ ವ್ಯತ್ಯಾಸ ಸೊನ್ನಿ, ಸೊನ್ನಿಯಿಂದ ಭಾಗಿಸಾಕ ಯಾವ ಸಾಲ್ಯಾಗ ಕಲಿಸ್ಯಾರ? ಕೆಂಪು. ಐದು ನಿಮಿಷದಲ್ಲಿ ಮುಧೋಳದ ಹಾಲೇಶನದೊಂದು ಕೆಂಪು, ಲಾಳಿ ಅಂದಮ್ಯಾಲೆ ಮುಗೀತು ಅಂತ ಬರೆದು, ಇನ್ಯಾರದೋ ಇನ್ನೊಂದು. ಮೂರು. ಮೂರನೆಯ ಪುಟದಿಂದ ಮುಂದೆ ಯಾರೂ ಓದಲಿಲ್ಲ, ಅವನೂ ಓದಲಿಲ್ಲ.

ಹಳೆಯದೊಂದು ನೆನಪು ಬೇಡವೆಂದರೂ ನುಗ್ಗುತ್ತದೆ, ಸೀರೆಯ ಅಂಗಡಿ, ಗಾದಿಯ ಮೇಲೆ ತಪಾಸಣೆಗೆ ಕೂತ ಧರೆಪ್ಪ, ಅವ್ವನೂ ಅವನೂ ಹಗಲೆಲ್ಲ ನಿಂತು ನೇಯ್ದ ಸೀರೆ, ಧರೆಪ್ಪ ಮೇಲಿನ ಮಡಿಕೆಯಲ್ಲಿ ಕಲೆಯಂಥ ಒಂದು ಕರೆ ಕಂಡ, ಖಡುವಿನಿಂದ ಬಿಳಿ ಗುರುತು ಎಳೆದ, ತಗೊಂಡ್ ಹೋಗ್, ಅದು ಕರೆ ಅಲ್ರಿ, ಮಡಿಕಿ ನೆಳ್ಳು, ಬಿಚ್ಚಿ ನೋಡ್ರಿ, ನನಗs ಕಲಿಸ್ತಿಯೇನೋ, ಬಿಚ್ಚಿ ನೋಡ್ರಿ ಅನ್ನಾಕತ್ತೇನಿ, ಏ ಇವನ್ನ ಹೊರಗ ಹಾಕ್ರಪಾ — ಬಿಚ್ಚಲಿಲ್ಲ ಧರೆಪ್ಪ, ಒಂದೇ ಒಂದು ಮಡಿಕೆ ಬಿಚ್ಚಿದ್ದರೆ ಸಾಕಿತ್ತು, ರಸ್ತೆಯಲ್ಲಿ ನಿಂತು ಪ್ರೇಮಕುಮಾರ ಕೂಗಿದ್ದ, ಗಂಟಲು ಹರಿಯುವ ಹಾಗೆ, ಇವತ್ತಿಗೂ ಆ ಅಂಗಡಿಯ ಮುಂದೆ ಹೋದರೆ ಮುಷ್ಟಿ ತಾನಾಗಿ ಬಿಗಿಯುತ್ತದೆ. ಆಮೇಲೆ ಅದೇ ಮುಷ್ಟಿ ಏನು ಮಾಡಿತು? ಎಸ್. ಅನಗವಾಡಿ ಕೇಳಿದ್ದು ಒಂದೇ ಮಾತು, ತಪ್ಪಾಗಿದ್ರ ತಿದ್ದತೇನ್ರಿ ಸರ್, ಎರಡನೇ ಪುಟ ಇನ್ನೊಮ್ಮೆ ನೋಡ್ರಿ. ಸರ್ ಅಂದಿದ್ದಳು, ಅವನಿಗೆ, ಜನ್ಮದಲ್ಲಿ ಯಾರೂ ಸರ್ ಅನ್ನದವನಿಗೆ. ನೋಡಿದ ಕೂಡ, ಎರಡನೆಯ ಪುಟ ತೆರೆದ, ಪುಟ ಗಾಳಿಗೆ ಏಳಬಾರದೆಂದು ಅಂಚಿನಲ್ಲಿ ಒತ್ತಿ ಹಿಡಿದ ಹೆಬ್ಬೆರಳು ಫೋಟೋದಲ್ಲಿ ಬಂದದ್ದು ಈ ಸಲ ಕಣ್ಣಿಗೆ ಬಿತ್ತು, ಉಗುರಿನ ಸಂದಿಯಲ್ಲಿ ಅರಿಷಿಣ, ಓ, ಲೆಕ್ಚರರ್ ಅಲ್ಲ, ಅಡಿಗೆಯಾಕಿ! ಎದೆ ಹಗುರಾಯಿತು, ಹಗುರಾದದ್ದು ಖರೆ, ಅದನ್ನು ಯಾರ ಮುಂದೆ ಹೇಳುವುದು, ಬೆರಳು ಓಡಿತು, ಮೊದ್ಲ ಒಲಿ ಮ್ಯಾಲಿನ ಸಾರು ಇಳಸ್ರಿ ಅಕ್ಕಾರ, ಉಕ್ಕೀತು, ಗಣಿತ ಎಲ್ಲಿ ಓಡಿ ಹೋಗತೈತಿ. ನಗುವ ಮುಖಗಳು ಬಿದ್ದವು, ನಲವತ್ತೋ ಐವತ್ತೋ, ಹಾಲೇಶ ಚಪ್ಪಾಳೆಯನ್ನೂ ಹಾಕಿದ. ಸಂಜೆಗೆ ಹನ್ನೆರಡೂ ಫೋಟೋ ಕಟ್ಟೆಯಿಂದ ಅಳಿಸಿಹೋಗಿದ್ದವು, ಸರ್ ಅಂದವಳ ಹೆಸರೂ ಇರಲಿಲ್ಲ. ಅವನ ಫೋನಿನಲ್ಲಿ ಮಾತ್ರ ಉಳಿದಿದ್ದವು, ಇನ್ನೊಮ್ಮೆ ಯಾರಿಗಾದರೂ ತೋರಿಸಿ ನಗಬೇಕೆಂದು ಇಟ್ಟುಕೊಂಡಿದ್ದ.

ಇಟ್ಟುಕೊಂಡದ್ದೇ ಕುತ್ತಿಗೆಗೆ ಬಂತು, ಕರೆಂಟು ಹೋದ ಒಂದು ಮಧ್ಯಾಹ್ನ, ಎಂಟು ದಿನದ ಕೆಳಗೆ, ಸುಮ್ಮನೆ ಕೂತು ಮೂರನೆಯ ಪುಟ ಓದಿದ, ನಾಲ್ಕು, ಐದು, ನಗಲಿಕ್ಕೆಂದು ಕೂತವನು ಪೆನ್ಸಿಲ್ ಹುಡುಕಿದ, ಒಂಬತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ಲಿನ ಮೊನೆ ಸವೆದಿತ್ತು, ಉಳಿದ ತಾಟಿನ ಸಂಖ್ಯೆಯನ್ನು ಜೋಡಿಜೋಡಿಯಾಗಿ ಒಡೆದು, ಒಂದೊಂದು ಜೋಡಿಗೆ ಒಂದೊಂದು ಚೌಕ ಕಟ್ಟುತ್ತ ಹೋಗಿದ್ದಳು, ಮಗ್ಗದ ಹಾಸಿನಲ್ಲಿ ಹೊಕ್ಕಿನ ನೂಲು ಕೂತ ಹಾಗೆ, ಒಂದು ಎಳೆಯೂ ಹೆಚ್ಚಿಲ್ಲ ಒಂದು ಎಳೆಯೂ ಕಡಿಮೆಯಿಲ್ಲ, ಹತ್ತು ವರ್ಷ ತಲೆ ಕೆಡಿಸಿಕೊಂಡರೂ ಅದು ಅವನಿಗೆ ಹೊಳೆಯುತ್ತಿರಲಿಲ್ಲ. ಇಷ್ಟು ಬಲ್ಲವಳು ಸೊನ್ನೆಯಿಂದ ಭಾಗಿಸಿಯಾಳೇ? ಹಿಂದೆ ಬಂದ, ಎರಡನೆಯ ಪುಟ, ಏಳನೆಯ ಸಾಲಿನ ಎಷ್ಟೋ ಮೇಲೆ, ಎರಡನೆಯ ಸಾಲು, ದೊಡ್ಡ ಚೌಕ, ಸಣ್ಣ ಚೌಕ, ಇವೆರಡೂ — ಆಮೇಲೆ ಹೆಬ್ಬೆರಳು, ಹೆಬ್ಬೆರಳಿನ ಆಚೆ ಎರಡೇ ಅಕ್ಷರ, ಅಲ್ಲ. ಎರಡೂ ಒಂದೇ ಅಳತೆಯವು ಅಲ್ಲ. ಇನ್ನೇನಿರುತ್ತದೆ ಅಲ್ಲಿ? ಸಾರು ಇಳಿಸುವ ಅವಸರದಲ್ಲಿ ಫೋಟೋ ತೆಗೆಯುವಾಗ ಎರಡೂ ಸಮ ಇರಬಾರದೆಂಬ ತನ್ನ ಕರಾರನ್ನು ತಾನೇ ಮುಚ್ಚಿದ್ದಳು, ಅಷ್ಟೇ ತಪ್ಪು ಅವಳದು, ಅಕ್ಕಾರ ಬೆರಳು ತಗೀರಿ, ಕೆಳಗ ಏನೈತಿ ಅಂತ ಕೇಳಿದ್ದರೆ ಮುಗಿದಿತ್ತು. ನಿನ್ನೆ ಸಿದ್ದಾರೂಢ ಸರ್‌ಗೆ ಫೋನು ಹಚ್ಚಿದ್ದ, ಸುಮ್ಮನೆ ಕೇಳುವವನ ಹಾಗೆ, ಆ ತಾಟಿನ ಲೆಕ್ಕದಾಕಿ ಯಾರ್ರಿ ಸರ್, ಆಕಿನಾ, ಶಿವಗಂಗವ್ವ ಅಂತ, ಅನಗವಾಡಿ ಸಾಲ್ಯಾಗ ಬಿಸಿಯೂಟದ ಅಡಿಗಿ ಮಾಡತಾಳ, ತಾಟು ಜೋಡಸ್ತs ಲೆಕ್ಕ ಹಿಡದಾಳ ನೋಡ್ರಿ, ತಪ್ಪಾದ್ರೂ ಹುರುಪು ಛಲೋ ಇತ್ತು, ಇನ್ನೊಂದು ಬರೀಯವ್ವಾ ಅಂದೆ, ವಹಿ ಒಲಿಗೆ ಹಾಕಿಬಿಟ್ಟೆ ಬಿಡ್ರಿ ಸರ್, ಅದರ ಮ್ಯಾಲೆ ಸಾರು ಕುದೀತು ಅಂದಳು.

ಏ ಪ್ರೇಮ್ಯಾ, ಎಳಿ ಹರದೈತಿ ನೋಡಲೇ! ಅನಸವ್ವ ಕೂಗಿದಳು, ಮಗ್ಗ ನಿಲ್ಲಿಸಿದ, ಹರಿದ ಎಳೆಯ ಎರಡು ತುದಿ ಹುಡುಕಿ, ಉಗುಳು ಹಚ್ಚಿ ಹೊಸೆದು ಗಂಟು ಹಾಕಿದ, ಒಂದು ಎಳೆ ಹರಿದರೆ ಯಾವ ನೇಕಾರನೂ ಸೀರೆ ಕತ್ತರಿಸಿ ಒಗೆಯುವುದಿಲ್ಲ, ಕೈಗೆ ಗೊತ್ತಿರುವುದು ನಾಲಿಗೆಗೆ ಯಾಕೆ ಗೊತ್ತಿರಲಿಲ್ಲ — ಮಗ್ಗ ಮತ್ತೆ ಹಚ್ಚದೆ ಫೋನು ತೆಗೆದ, ಕಟ್ಟೆಯಲ್ಲಿ ಎಲ್ಲರ ಮುಂದೆ ಹಾಕಲೆಂದು ಬರೆದ, ಏಳನೇ ಸಾಲು ಖರೆ ಐತಿ, ತಪ್ಪು ನಂದು, ಹೆಬ್ಬೆರಳಿನ ಕೆಳಗ ಕರಾರು ಐತಿ, ಈಗ ಗೊತ್ತಾತು. ಓದಿದ. ಈಗ ಗೊತ್ತಾತು, ಎಂಥ ನುಣ್ಣನೆಯ ಮಾತು, ಲಾಳಿ ಎಷ್ಟು ದೊಡ್ಡ ಮನುಷ್ಯಾ, ತನ್ನ ತಪ್ಪು ತಾನs ಒಪ್ಪಿಕೊಂಡ ಎಂದು ಹಾಲೇಶ ಮತ್ತೆ ಚಪ್ಪಾಳೆ ಹಾಕುತ್ತಾನೆ, ಸರ್ ಸಂಜೆ ಇನ್ನಷ್ಟು ಹೊಗಳುತ್ತಾರೆ, ಅವಳ ಬೂದಿಯ ಮೇಲೆ ಗಾದಿ ಹಾಸಿಕೊಂಡು ಇವನು ಧರೆಪ್ಪನ ಹಾಗೆ ಕೂಡಬಹುದು. ಈಗ ಗೊತ್ತಾದದ್ದೇ? ಅವತ್ತು ಕಾಣಲಿಲ್ಲವೇ ಆ ಎರಡು ಅಕ್ಷರ? ಕಂಡಿದ್ದವು. ಕಂಡಿದ್ದವು, ಕಂಡಿದ್ದವು, ಏನೋ ಒಂದು ಅಲ್ಲ ಅಂತ ಬೆರಳಿನ ಕೆಳಗೆ ಇದೆ ಎಂದು ಕಂಡಿತ್ತು, ಕೇಳಬೇಕು ಎಂದೂ ಅನ್ನಿಸಿತ್ತು, ಲೆಕ್ಚರರ್‌ನ ಬೆರಳಾಗಿದ್ದರೆ ಕೈ ಮುಗಿದು ಕೇಳುತ್ತಿದ್ದ, ಅರಿಷಿಣ ನೋಡಿ ಬಿಟ್ಟ. ಈಗ ಗೊತ್ತಾತು ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿದ, ಅವತ್ತs ಕಂಡಿತ್ತು, ಅಡಿಗಿಯಾಕಿ ಅಂತ ಕೇಳಲಿಲ್ಲ, ತಪಾಸಿಗ ಆಗೂ ಯೋಗ್ಯತಾ ನನಗಿಲ್ಲ, ಪ್ರೇಮಕುಮಾರ, ಬನಹಟ್ಟಿ. ಕಳಿಸಿದ. ಓದಿದರು, ಒಬ್ಬೊಬ್ಬರಾಗಿ ಓದಿದ್ದು ಕಾಣುತ್ತಿತ್ತು, ನಗುವ ಮುಖವಿಲ್ಲ, ಬೈಗುಳವೂ ಇಲ್ಲ, ಯಾರಾದರೂ ಬೈಯಬಾರದೇ, ಆಮೇಲೆ ಸಿದ್ದಾರೂಢ ಸರ್ ಬರೆದದ್ದು ಎರಡೇ ಮಾತು, ಆ ಪುಟಗಳು ಯಾರ ಹತ್ರನೂ ಇಲ್ಲ, ನಿನ್ನ ಹತ್ರ ಇದ್ರ ಹಾಕು. ಹಾಕ್ರಿ ಅನ್ನಲಿಲ್ಲ, ಹಾಕು. ಹಾಕಿದ, ಮೊದಲನೆಯದು, ಮೂರನೆಯದು, ನಾಲ್ಕು, ಒಂಬತ್ತು, ಹನ್ನೆರಡು, ಒಂದನ್ನು ಬಿಟ್ಟು ಎಲ್ಲ ಹೋದವು, ಎರಡನೆಯ ಪುಟ ಉಳಿಯಿತು, ತೆರೆದ, ಎರಡು ಬೆರಳಿನಿಂದ ಹಿಗ್ಗಿಸಿದ, ಹೆಬ್ಬೆರಳೂ ಹಿಗ್ಗಿತು, ಕೆಳಗಿನದು ಕಾಣಬಹುದೇ ಎಂದು ಇನ್ನೂ ಹಿಗ್ಗಿಸಿದ, ಎಣ್ಣೆ ಹತ್ತಿದ ತನ್ನ ಕಪ್ಪು ಬೆರಳಿನಿಂದ ಗಾಜನ್ನು ತಿಕ್ಕಿದ, ಅಕ್ಕಾರ, ಬೆರಳು ತಗೀರಿ, ಬಾಯಿ ಬಿಟ್ಟೇ ಅಂದ, ಯಾರಿಗನ್ನಾಕತ್ತೀಯೋ ಎಂದು ಅನಸವ್ವ ಅಲ್ಲಿಂದಲೇ ಕೇಳಿದಳು, ಮತ್ತೆ ತಿಕ್ಕಿದ, ಅಕ್ಕಾರ, ಕೆಳಗ ಏನೈತ್ರಿ, ಬಿಚ್ಚಿ — ಗಾಜಿನ ತುಂಬ ಉಗುರು, ಉಗುರಿನ ಸಂದಿಯಲ್ಲಿ ಅರಿಷಿಣ, ಒತ್ತಿ ಹಿಡಿದ ಹಾಗೇ ಇರುವ ಹೆಬ್ಬೆರಳು.