ಮುನಿತಾಯಮ್ಮ ಮಾಯ ಮಾಡಿದ ಡಬ್ಬಗಳು

ಸೋಂಪುರದ ಪ್ಲಾಸ್ಟಿಕ್ ಡಬ್ಬದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನವ್ಯಶ್ರೀಗೆ ಬಸುರಾಗಿ ಐದು ತಿಂಗಳು ತುಂಬುವ ಹೊತ್ತಿಗೆ ಮನೆಯ ಅಡುಗೆಕೋಣೆಯೂ ಫ್ಯಾಕ್ಟರಿಯಂತೆಯೇ ಕಾಣುತ್ತಿತ್ತು. ಅಂಚು ಸೊಟ್ಟಗಾದ, ಮುಚ್ಚಳ ಸರಿಯಾಗಿ ಕೂರದ ಡಬ್ಬಗಳನ್ನು ಅಲ್ಲಿ ಕೆಲಸದವರಿಗೇ ಕೊಟ್ಟುಬಿಡುತ್ತಿದ್ದರು. ಗುಲಾಬಿ, ನೀಲಿ, ಗಿಳಿಹಸಿರು. ಒಲೆಯಿಂದ ಇಳಿಸಿದ ಬಸ್ಸಾರನ್ನು ಹಾಗೇ ಅದರೊಳಗೆ ಸುರಿದು, ಮುಚ್ಚಳ ಒತ್ತಿ, ಅವಳು ಬೆಳಗಿನ ಪಾಳಿಗೆ ಓಡುತ್ತಿದ್ದಳು.

ಅತ್ತೆ ಮುನಿತಾಯಮ್ಮನಿಗೆ ಇದರಲ್ಲಿ ಏನೂ ತಕರಾರಿರಲಿಲ್ಲ. ಆದರೆ ಒಂದು ಮಂಗಳವಾರ ಬಿಪಿ ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋದಾಗ, ನರ್ಸ್ ಆಶಾರಾಣಿ ಬಸುರಿಯರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಬಿಸಿ ತಾಗಿದರೆ ಪ್ಲಾಸ್ಟಿಕ್ಕಿನ ರಾಸಾಯನಿಕ ಒಂದಿಷ್ಟು ಊಟಕ್ಕೆ ಇಳಿಯುತ್ತದೆ. ಅದರಲ್ಲಿ ಕೆಲವು ಹಾರ್ಮೋನಿನ ವೇಷ ಹಾಕಿಕೊಂಡು ಮೈಯೊಳಗೆ ಓಡಾಡುತ್ತವೆ. ಎದೆ ಹಾಲಿಗೆ ಸಿದ್ಧವಾಗುವುದೇ ಬಸುರಿನಲ್ಲಿ, ಅದಕ್ಕೆ ಅಡ್ಡಿ ಮಾಡಬಹುದೇನೋ ಎಂದು ಓದಿದವರಿಗೆ ಅನುಮಾನ. ಮುನಿತಾಯಮ್ಮ ಮಾತ್ರೆಯನ್ನೇ ಮರೆತು ಮನೆಗೆ ಬಂದಳು.

ಮಾರನೆಯ ದಿನದಿಂದ ಡಬ್ಬಗಳು ಕಾಣೆಯಾಗತೊಡಗಿದವು.

"ಅತ್ತೆ, ನನ್ನ ಗುಲಾಬಿ ಡಬ್ಬ ಎಲ್ಲಿ?"

"ಕೋತಿ ಎತ್ಕೊಂಡೋಯ್ತು ಕಣಮ್ಮ."

"ನೀಲೀದು?"

"ಅದೂ ಕೋತೀನೇ."

"ಬೀರು ಒಳಗೆ ಇಟ್ಟಿದ್ದೆ!"

"ಇವೇನು ಮೊದಲಿನ ಕೋತಿಗಳಾ? ಈಗಿನವಕ್ಕೆ ಚಿಲಕ ತೆಗಿಯಕ್ಕೂ ಬರ್ತದೆ."

ದಾಬಸ್‌ಪೇಟೆಯಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಗಂಡ ಭೀಮರಾಜ್, ತಾಯಿಯ ಮುಖವನ್ನೂ ನೋಡದೆ ಹೆಂಡತಿಯ ಮುಖವನ್ನೂ ನೋಡದೆ ಮುದ್ದೆ ಮುರಿಯುತ್ತಿದ್ದ.

ಒಂಬತ್ತನೆಯ ಡಬ್ಬ ಹೋದ ಮೇಲೆ ನವ್ಯಶ್ರೀ ತಲೆನೋವೆಂದು ರಜೆ ಹಾಕಿ, ಹೊದ್ದುಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆ ಸೆರಗಿನ ಮರೆಯಲ್ಲಿ ಗಿಳಿಹಸಿರು ಡಬ್ಬ ಹಿಡಿದು ಅತ್ತೆ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ನವ್ಯಶ್ರೀ ಎದ್ದು ಕೊಟ್ಟಿಗೆಯ ಕಿಟಕಿಯಿಂದ ಇಣುಕಿದಳು. ಅವಳ ಡಬ್ಬಗಳೆಲ್ಲ ಸಾಲಾಗಿ ಕೂತಿದ್ದವು, ತಳಕ್ಕೆ ತೂತು ಹೊಡೆಸಿಕೊಂಡು. ಒಂದರಲ್ಲಿ ಪುದೀನ, ಒಂದರಲ್ಲಿ ಕೊತ್ತಂಬರಿ, ಒಂದರಲ್ಲಿ ದೊಡ್ಡಪತ್ರೆ.

ಸಂಜೆ ಕಾಫಿ ಕುಡಿಯುವಾಗ ಅವಳು ಏನೂ ಗೊತ್ತಿಲ್ಲದವಳಂತೆ ಹೇಳಿದಳು: "ಅತ್ತೆ, ಫ್ಯಾಕ್ಟರಿಯೋರು ಡಬ್ಬ ಎಲ್ಲಾ ವಾಪಸ್ ಕೇಳ್ತವ್ರೆ. ನಾಳೆ ಜೀಪಲ್ಲಿ ಬರ್ತಾರಂತೆ. ಇಲ್ಲ ಅಂದ್ರೆ ಸ್ಟೇಷನ್ನಿಗೆ ಹೋಗ್ಬೇಕಂತೆ, ಕೋತೀನೂ ಕರ್ಕೊಂಡು."

ಬೆಳಿಗ್ಗೆ ನೋಡಿದರೆ ಮುನಿತಾಯಮ್ಮ ಕೊಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಪುದೀನ ಕಿತ್ತು ಹಾಕಿ, ಡಬ್ಬಗಳ ತಳದ ತೂತಿಗೆ ಮೇಣದಬತ್ತಿ ಕರಗಿಸಿ ಹುಯ್ಯುತ್ತಿದ್ದಳು. ನವ್ಯಶ್ರೀ ಗೋಡೆ ಹಿಡಿದುಕೊಂಡು ನಕ್ಕಳು. ನಗು ನಿಲ್ಲಲಿಲ್ಲ.

"ನಗು, ನಗು. ನಾಳೆ ಮಗೀಗೆ ಹಾಲಿಲ್ದೆ ಹೋದ್ರೆ ಆಗ ಯಾರು ನಗ್ತಾರೋ ನೋಡಾನ," ಎಂದ ಮುನಿತಾಯಮ್ಮನ ದನಿ ಒಡೆಯಿತು. ನರ್ಸಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದಳು.

"ನೇರವಾಗಿ ನಂಗೇ ಹೇಳ್ಬಾರ್ದಿತ್ತಾ ಅತ್ತೆ?"

"ಅತ್ತೆ ಹೇಳಿದ್ರೆ ಸೊಸೆ ಕೇಳ್ತಾಳಾ? ನಾನೇನು ನಮ್ಮತ್ತೆ ಮಾತು ಕೇಳಿದ್ನಾ?"

ಇಬ್ಬರೂ ಸೇರಿ ಆಶಾರಾಣಿಯ ಬಳಿ ಹೋದರು. "ಹೆದರ್ಬೇಡಿ, ಡಬ್ಬದಲ್ಲಿ ಉಂಡೋರಿಗೆಲ್ಲ ಹಾಲು ಬರಲ್ಲ ಅಂತಲ್ಲ. ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದ್ರೆ ಬಿಸಿ ಊಟ ಸ್ಟೀಲ್ ಡಬ್ಬೀಲಿ ತಗೊಂಡು ಹೋದ್ರೆ ಒಳ್ಳೇದು," ಎಂದ ಆಕೆ ತಟ್ಟನೆ ಕೇಳಿದರು: "ಅದಿರ್ಲಿ, ಫ್ಯಾಕ್ಟರೀಲಿ ನೀನು ನಿಲ್ಲೋದೆಲ್ಲಿ?"

"ಪ್ಲಾಸ್ಟಿಕ್ ಕರಗಿ ಅಚ್ಚಿಗೆ ಬೀಳ್ತದಲ್ಲ ಮೇಡಂ, ಆ ಮೆಷಿನ್ ಪಕ್ಕ. ಹೊಗೆ ವಾಸ್ನೆ ಅಭ್ಯಾಸ ಆಗೋಗಿದೆ."

ಆಶಾರಾಣಿ ಡಾಕ್ಟರ ಹತ್ತಿರ ಹೋಗಿ, ಈಕೆಗೆ ಬೇರೆ ಜಾಗ ಕೊಡಬೇಕೆಂದು ಚೀಟಿ ಬರೆಸಿಕೊಟ್ಟರು. ಫ್ಯಾಕ್ಟರಿಯ ಸೂಪರ್‌ವೈಸರ್ ನೋಡೋಣ ಎಂದ. ಮಾರನೆಯ ದಿನ ಮುನಿತಾಯಮ್ಮ ಗೇಟಿನ ಮುಂದೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತು, ಒಳಗೆ ಹೋಗುವವರಿಂದಲೂ ಹೊರಗೆ ಬರುವವರಿಂದಲೂ ಆ ಚೀಟಿಯನ್ನು ಗಟ್ಟಿಯಾಗಿ ಓದಿಸಿದಳು. "ನಂಗೆ ಓದಕ್ಕೆ ಬರಲ್ಲ ಕಣಪ್ಪ, ಇದ್ರಲ್ಲಿ ಏನು ಬರ್ದವ್ರೆ?" ಮಧ್ಯಾಹ್ನದ ಹೊತ್ತಿಗೆ ನವ್ಯಶ್ರೀ ಲೇಬಲ್ ಅಂಟಿಸುವ ಕೋಣೆಯಲ್ಲಿದ್ದಳು.

ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಎರಡು ದಿನ ಹಾಲು ನಾಲ್ಕು ಹನಿಗಿಂತ ಹೆಚ್ಚು ಬರಲಿಲ್ಲ. ಮಗು ಕಿರುಚಿ ಕಿರುಚಿ ಕೆಂಪಾಯಿತು. "ಆ ಡಬ್ಬಗಳಿಂದಾನಾ ಅತ್ತೆ?" ಎಂದು ನವ್ಯಶ್ರೀ ಅತ್ತಾಗ, ಮುನಿತಾಯಮ್ಮನಿಗೆ ಹೇಳಲು ಒಂದು ಸುಳ್ಳೂ ಸಿಗಲಿಲ್ಲ. ಸೊಸೆಯ ತಲೆ ನೇವರಿಸಿದಳು. ವಾರ್ಡಿನ ನರ್ಸ್ ಮಾತ್ರ, ಚೊಚ್ಚಲಿಗೆ ಎಷ್ಟೋ ಜನಕ್ಕೆ ಹೀಗಾಗುತ್ತದೆ ಎಂದು ಮಗುವನ್ನು ಮತ್ತೆ ಮತ್ತೆ ಎದೆಗೆ ಹಿಡಿಸಿದರು.

ಮೂರನೆಯ ದಿನ ಬೆಳಿಗ್ಗೆ ಹಾಲು ಇಳಿಯಿತು. ಮಗು ಗುಟುಗುಟು ಕುಡಿದು, ಅಜ್ಜಿಯ ಹೆಗಲೇರಿ, ಹೊಸ ಸೀರೆಯ ಮೇಲೆ ಧಾರಾಳವಾಗಿ ಕಕ್ಕಿತು. ಭೀಮರಾಜ್ ಒರೆಸಲು ಬಟ್ಟೆ ತಂದ.

"ಮುಟ್ಬೇಡ ಕಣ್ಲಾ!" ಎಂದು ಗದರಿ, ಮುನಿತಾಯಮ್ಮ ಒಂದೊಂದೇ ಮಂಚದ ಮುಂದೆ ನಿಂತು ಹೆಗಲು ತೋರಿಸುತ್ತ ಇಡೀ ವಾರ್ಡು ಸುತ್ತಿದಳು. "ನೋಡ್ರವ್ವ, ಕುಡ್ದು ಮಿಕ್ಕಿದ್ದು!"