ಹೆಡ್ ಸಿಸ್ಟರ್ ಮೂರು ಕಡೆ ಇದ್ದ ಮಧ್ಯಾಹ್ನ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಡಿಸೆಂಬರ್‌ನಿಂದ ಎನ್ನುತ್ತೀರಿ, ವರ್ಷದ ಕೊನೆಯ ಒತ್ತಡದ ಕಥೆ ತಾನೆ. ಆದರೆ ಡಿಸೆಂಬರ್ ಎಂದು ಬರೆದ ತಕ್ಷಣ ನನ್ನ ಕೈ ಚಳಿ, ಮಂಜು ಎಂದು ಸವಕಲು ಸರಕನ್ನೆಲ್ಲ ಇಳಿಸತೊಡಗುತ್ತದೆ. ಆದ್ದರಿಂದ ಒಂದು ಪೆನ್ಸಿಲ್‌ನಿಂದ ಶುರು ಮಾಡುತ್ತೇನೆ. ಅದನ್ನು ಹಿಡಿದಿರುವವರು ಆಸ್ಪತ್ರೆಯ ಹೆಡ್ ಸಿಸ್ಟರ್. ಎದುರಿಗೆ ವರ್ಷದ ಕೊನೆಯ ವಾರದ ಡ್ಯೂಟಿ ಚಾರ್ಟ್. ಪಕ್ಕದಲ್ಲಿ ರಜೆ ಚೀಟಿಗಳು. ಹತ್ತೊಂಬತ್ತು ನರ್ಸುಗಳು, ಹದಿನಾಲ್ಕು ಚೀಟಿ, ಮೂರು ಪಾಳಿ. (ನೀವು ಹೊಂದಿಸಿ ನೋಡಲು ಹೋಗಬೇಡಿ. ನಾನು ಹೋಗಿ ಸೋತಿದ್ದೇನೆ.)

೧, ಮತ್ತೆ

ಮೊದಲ ಕರಡಿನಲ್ಲಿ ಅವರನ್ನು ಬಾತ್‌ರೂಮಿಗೆ ಕಳಿಸಿ, ನಲ್ಲಿ ಬಿಟ್ಟು, ಅಳುವಂತೆ ಮಾಡಿದ್ದೆ. ಒತ್ತಡದ ಕಥೆ ಎಂದಮೇಲೆ ಒಂದು ಅಳು ಇರಲೇಬೇಕಲ್ಲ. ಅವರು ಪುಟದಿಂದ ತಲೆಯೆತ್ತಿದರು.

“ನೋಡಿ ಸಾರ್, ಈ ವಾರ ಅಲ್ಲಿ ಅಳೋಕೂ ಕ್ಯೂ ಇದೆ. ನಾನು ಹೋಗಿ ನಿಂತ್ರೆ ಹುಡುಗೀರು ಜಾಗ ಬಿಟ್ಕೊಡ್ತಾರೆ. ಪಾಪ, ಅವರಾದ್ರೂ ನೆಮ್ಮದಿಯಾಗಿ ಅಳ್ಲಿ.”

ಕರಡು ಹರಿದೆ.

೨

ಎರಡನೆಯದಕ್ಕೆ ಒತ್ತಡ ನಿರ್ವಹಣೆಯ ತರಬೇತುದಾರನೊಬ್ಬನನ್ನು ಕರೆತಂದೆ. ಕಣ್ಣು ಮುಚ್ಚಿ, ಉಸಿರು ಎಳೆಯಿರಿ, ಬಿಡಿ. ಉಸಿರು ಎಳೆಯಲು ನಾಲ್ವರು ನರ್ಸುಗಳು ವಾರ್ಡು ಬಿಟ್ಟು ಹೋಗಬೇಕಾಯಿತು, ಅವರ ಕೆಲಸ ಉಳಿದವರ ತಲೆಗೆ ಬಿತ್ತು. ಗಾಯದ ಮೇಲೆ ಬರೆ. ಅವನನ್ನೂ ಕಳಿಸಿಬಿಟ್ಟೆ.

ಹಾಗಾದರೆ ಅವರು ಹೇಗೆ ತಡೆದುಕೊಳ್ಳುತ್ತಾರೆ? ತೀರಾ ಆಗದಿದ್ದಾಗ ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಒಗೆದು ಬಂದ ಬೆಡ್‌ಶೀಟುಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾರೆ. ಹತ್ತೇ ಹತ್ತು. ಹನ್ನೊಂದನೆಯದಕ್ಕೆ ಕೈ ಹಾಕುವುದಿಲ್ಲ. “ಅದು ಆಯಾಗಳ ಕೆಲ್ಸ, ನಾನು ಕಿತ್ಕೋಬಾರ್ದು.” ಹೊರಬಂದು ಮತ್ತೆ ಪೆನ್ಸಿಲ್. ಯಾರ ಮಗುವಿಗೆ ಜ್ವರ, ಯಾರಿಗೆ ಹೊಸ ಮದುವೆ, ಯಾರಿಗೆ ಯಾರ ಮುಖ ಕಂಡರಾಗದು, ಎಲ್ಲ ಅವರ ತಲೆಯಲ್ಲಿದೆ. ಹದಿನಾಲ್ಕೂ ಚೀಟಿಗೆ ಸಹಿ ಬಿತ್ತು. ನನಗೆ ನಿಜಕ್ಕೂ ಬೆರಗು. ನಾಲ್ಕು ಪಾತ್ರಗಳನ್ನು ಒಂದು ಪುಟದಲ್ಲಿ ಕೂರಿಸಲು ಒದ್ದಾಡುವವನು ನಾನು.

೪

(ಮೂರನೆಯದನ್ನು ಅವರೇ ರಬ್ಬರ್ ತೆಗೆದುಕೊಂಡು ಉಜ್ಜಿಹಾಕಿದರು. ಅದರಲ್ಲಿ ಅವರನ್ನು ದೇವತೆ ಎಂದಿದ್ದೆ.)

ಚಾರ್ಟನ್ನು ನಕಲು ಮಾಡುತ್ತಿದ್ದ ಕಿರಿಯ ನರ್ಸ್ ತಡವರಿಸಿದಳು. “ಸಿಸ್ಟರ್, ಇಪ್ಪತ್ತೊಂಬತ್ತಕ್ಕೆ ಮಧ್ಯಾಹ್ನ ಮಕ್ಕಳ ವಾರ್ಡಲ್ಲೂ ನೀವೇ ಇದೀರ, ಎಮರ್ಜೆನ್ಸಿಲೂ ನೀವೇ ಇದೀರ.”

ಖಾಲಿ ಕಂಡಲ್ಲಿ ತಮ್ಮ ಹೆಸರು ತುಂಬುವುದು ಅವರ ರೂಢಿ. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದೇ ಹೊತ್ತಿಗೆ ಎರಡು ಕಡೆ ತುಂಬಿದ್ದು ಇದೇ ಮೊದಲು.

“ಎರಡಲ್ಲ ಕಣೇ, ಮೂರು ಕಡೆ,” ಎಂದರು.

ಅದೇ ಮಧ್ಯಾಹ್ನ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಅವರ ಅಕ್ಕನಿಗೆ ಹೃದಯದ ಆಪರೇಷನ್. ಅಮ್ಮ ತೀರಿಕೊಂಡ ಮೇಲೆ ಇವರನ್ನು ಸಾಕಿದ ಅಕ್ಕ. ಬರುತ್ತೇನೆ ಎಂದು ಇವರು ಮಾತು ಕೊಟ್ಟಾಗ ಅಕ್ಕ ನಕ್ಕಿದ್ದಳು. “ವರ್ಷದ ಕೊನೇಲಿ ನೀನು ಬರೋದಾ? ಬಿಡೇ, ನನಗೆ ಗೊತ್ತಿಲ್ವಾ.” ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

“ಮೇಲಿನ ಮಹಡಿಯ ವಾರ್ಡಿನವರನ್ನ ಕೇಳಿ ಸಿಸ್ಟರ್,” ಎಂದಳು ಕಿರಿಯ ನರ್ಸ್. “ ನಾವು ಅವರಿಗೆ ಎಷ್ಟು ಸಲ ಜನ ಕಳ್ಸಿಲ್ಲ?”

ಕೊಡುವುದು ಗೊತ್ತಿದ್ದವರಿಗೆ ಕೇಳುವುದು ಬರುವುದಿಲ್ಲ. ಎರಡು ಸಲ ಫೋನ್ ಎತ್ತಿ ಇಟ್ಟರು. ಮೂರನೆಯ ಸಲ ಮಾತಾಡಿದರು. ಆ ಕಡೆಯಿಂದ ಬಂದದ್ದು ಒಂದೇ ಮಾತು, “ಇಬ್ಬರು ಸಾಕಾ?”

೫

ಉಳಿದದ್ದು ರಜೆ ಚೀಟಿ. ಈ ವಿಭಾಗದಲ್ಲಿ ಎರಡು ದಿನದ ರಜೆಗೆ ಹೆಡ್ ಸಿಸ್ಟರ್ ಸಹಿಯೇ ಕೊನೆ. ಬರೆದರು. ಇಂದ: ಹೆಡ್ ಸಿಸ್ಟರ್. ಗೆ: ಹೆಡ್ ಸಿಸ್ಟರ್. ಹದಿನಾಲ್ಕು ಚೀಟಿಗೆ ಕಣ್ಣು ಮಿಟುಕಿಸುವುದರಲ್ಲಿ ಸಹಿ ಹಾಕಿದವರು ಇದರ ಮುಂದೆ ಇಪ್ಪತ್ತು ನಿಮಿಷ ಕೂತರು.

“ಈ ಕಾರಣ ಸಾಕಾ ಸಾರ್?” ಎಂದು ನನ್ನನ್ನು ಕೇಳಿದರು.

ನನ್ನ ಬಳಿ ಎರಡು ಮುಕ್ತಾಯಗಳಿದ್ದವು. ಒಂದರಲ್ಲಿ ಅಕ್ಕ ಕಣ್ಣು ಬಿಟ್ಟಾಗ ಇವರು ಪಕ್ಕದಲ್ಲಿರುತ್ತಾರೆ. ಇನ್ನೊಂದನ್ನು ಅರ್ಧ ಬರೆದು ಪೆನ್ನಿನ ಮುಚ್ಚಳ ಹಾಕಿದೆ.

“ಸಿಸ್ಟರ್, ನನಗದು ಒಂದು ವಾಕ್ಯದ ಕೆಲ್ಸ. ನಿಮ್ಮ ಸಹಿ ನಾನೇ ಹಾಕಿಬಿಡ್ತೀನಿ.”

“ಬೇಡ. ನೀವು ಹಾಕಿದ್ರೆ ಅದು ನೀವು ಕೊಟ್ಟ ರಜೆ ಆಗುತ್ತೆ, ನಾನು ತಗೊಂಡಿದ್ದು ಆಗಲ್ಲ. ಸ್ವಲ್ಪ ಹೊರಗಡೆ ಇರಿ.”

ಪಾತ್ರವೊಂದು ನನ್ನನ್ನು ಕಥೆಯಿಂದ ಎಬ್ಬಿಸಿ ಕಳಿಸಿದ್ದು ಇದೇ ಮೊದಲು. ಸಿಟ್ಟಿಲ್ಲ, ಹೆಮ್ಮೆಯಿದೆ. ಕಾರಿಡಾರಿನ ಬೆಂಚಿನ ಮೇಲೆ ರೋಗಿಗಳ ನೆಂಟರ ಜೊತೆ ಕೂತಿದ್ದೇನೆ. ಬಾಗಿಲು ಮುಚ್ಚಿದೆ. ಒಳಗೆ ಅವರು ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿದೆ.

“ಅಕ್ಕಾ, ಎಷ್ಟು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರಂತೆ?”

ಅವಸರಪಟ್ಟು ಖುಷಿಯಾಗಬೇಡಿ. ಬರಲಾಗದವರೂ ಇದನ್ನೇ ಕೇಳುತ್ತಾರೆ.